ಜಟ್ಟನ ಸ್ಕೂಬಾ ಕೆಲಸ

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ನಿಮಗೆ ನಗು ಬರುತ್ತದೋ ಇಲ್ಲವೋ, ಆ ಜವಾಬ್ದಾರಿ ನನ್ನದಲ್ಲ.

ಭಟ್ಕಳದ ಕಡೆ ಕಡಲಂಚಿನ ಒಂದು ಕೇರಿಯಲ್ಲಿ ದುರ್ಗಮ್ಮ ಅಂತ ಒಬ್ಬಳಿದ್ದಳು. ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಮಾರುವವಳು. ಗಂಡ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಇದ್ದವನು ಒಬ್ಬನೇ ಮಗ, ಜಟ್ಟ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂರುವನು. ಬೆಕ್ಕು ಅವನ ಕಾಲಸಂದಿಯಲ್ಲೇ ನುಗ್ಗಿ ಬಂಗಡೆ ಮೀನು ಕಚ್ಚಿಕೊಂಡು ಹೋದರೂ ಅವನ ಕಣ್ಣು ಬಾಗಿಲ ಮೇಲೇ.

"ಯಾರೋ ನಿಂಗೆ ಈ ಬುದ್ಧಿ ಹೇಳಿದ್ದು?" ಅಂತ ದುರ್ಗಮ್ಮ ಹಣೆ ಚಚ್ಚಿಕೊಳ್ಳುವಳು.

"ನೀನೇ ಅಲ್ದಾ ಅಮಾ," ಅನ್ನುವನು ಜಟ್ಟ. ಅದು ಸುಳ್ಳೂ ಅಲ್ಲ. ಅದೇ ಅವಳಿಗೆ ಇನ್ನೂ ದೊಡ್ಡ ಕಷ್ಟ.

ಆದರೆ ನೀರಿಗೆ ಇಳಿದನೋ, ಆ ದಂಡೆಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅದೇ ದಂಡೆಗೆ ರೋಹಿದಾಸ ಅನ್ನುವವರು ಬಂದು ಸ್ಕೂಬಾ ಕ್ಯಾಂಪ್ ಹಾಕಿದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು, ಕಡಲ ತಳದ ಮೀನು ನೋಡಿ ಬರುವ ಆಟ. ಇಷ್ಟು ದೂರದಿಂದ ಬಂದು, ಮೀನನ್ನು ಹಿಡಿಯದೆ ಬರೀ ನೋಡಿ ಹೋಗುವವರೂ ಇದ್ದಾರಲ್ಲ ಅಂತ ಕೇರಿಯವರು ನಕ್ಕರು. ರೋಹಿದಾಸರು ಜಟ್ಟನ ಈಜು ನೋಡಿ ಕೆಲಸಕ್ಕೆ ಇಟ್ಟುಕೊಂಡರು. ಬೆನ್ನ ಮೇಲೆ ಕ್ಯಾಂಪಿನ ಹೆಸರಿದ್ದ ನೀಲಿ ಅಂಗಿ ಕೊಟ್ಟರು. ಆ ಅಂಗಿ ತೊಟ್ಟ ದಿನದಿಂದ ಕೇರಿಯವರು ಪೆದ್ದು ಅನ್ನುವುದು ಬಿಟ್ಟು ಜಟ್ಟ ಅಂತ ಕರೆದರು. ದುರ್ಗಮ್ಮನಿಗೆ ಬೇಕಾದದ್ದು ಅಷ್ಟೇ. ತಾನು ಸತ್ತ ಮೇಲೂ ಅವನನ್ನು ಹೆಸರು ಹಿಡಿದು ಕರೆಯುವವರು ನಾಲ್ಕು ಜನ ಇರಬೇಕು. ಹಾಗಾಗಬೇಕಾದರೆ ಈ ಕೆಲಸ ಉಳಿಯಬೇಕು.

ತರಬೇತಿಯ ಮೊದಲ ಪಾಠದಲ್ಲೇ ರೋಹಿದಾಸರು ಹೇಳಿದರು, "ನೀರೊಳಗೆ ಏನನ್ನೂ ಮುಟ್ಟಬೇಡ. ಹವಳ ಮುರೀತದೆ. ಬರೇ ನೋಡು."

ಜಟ್ಟ ಬರೇ ನೋಡಿದ. ಹುಬ್ಬಳ್ಳಿಯಿಂದ ಬಂದ ಗೆಸ್ಟ್ ಒಬ್ಬರ ಕೈಯಿಂದ ಕ್ಯಾಮೆರಾ ಜಾರಿತು. ಜಟ್ಟನ ಮೂಗಿನ ಮುಂದೆಯೇ ಇಳಿಯಿತು, ಮೊಣಕಾಲು ದಾಟಿತು, ಕೆಳಗೆ ಹೋಗಿ ಕತ್ತಲಲ್ಲಿ ಮುಳುಗಿತು. ಜಟ್ಟ ಕೈ ಕಟ್ಟಿಕೊಂಡು ಕೊನೆಯವರೆಗೂ ನೋಡಿದ. ರೋಹಿದಾಸರು ಬೈದ ಬೈಗುಳ ಕೇರಿಗೆಲ್ಲ ಕೇಳಿತು.

"ಎಂತಕ್ಕೆ ಹಿಡೀಲಿಲ್ಲೋ?" ಅಂದಳು ದುರ್ಗಮ್ಮ.

"ಮುಟ್ಟಬೇಡ ಅಂದಿದ್ರು ಅಮಾ. ಚಂದ ನೋಡಿದೆ."

"ಅಯ್ಯೋ ನನ್ನ ಕರ್ಮವೇ. ಇನ್ನು ಮೇಲೆ ಗೆಸ್ಟ್ ಕೈಯಿಂದ ಎಂತ ಬಿದ್ರೂ ಬಿಡಬೇಡ. ತಂದು ಅವರ ಕೈಗೇ ಕೊಡು."

ಸರಿ ಅಂದ ಜಟ್ಟ. ಮಾರನೆಯ ಟ್ರಿಪ್ಪಿನಲ್ಲಿ ಬೋಟಿನ ಮೂಲೆಯಲ್ಲಿ ಕೂತ ಒಬ್ಬ ದಪ್ಪ ಗೆಸ್ಟ್ ಚಿಪ್ಸ್ ತಿಂದು ಪ್ಯಾಕೆಟ್ಟನ್ನು ಕಡಲಿಗೆ ಎಸೆದರು. ಜಟ್ಟ ದುಡುಂ ಅಂತ ಹಾರಿ ಅದನ್ನು ತಂದು ಅವರ ಕೈಗೆ ಕೊಟ್ಟ. ಅವರು ನಗುತ್ತ ಮತ್ತೆ ಎಸೆದರು. ಜಟ್ಟ ಮತ್ತೆ ತಂದ. ಕುಡಿದು ಮುಗಿಸಿದ ಬಾಟಲಿ ಎಸೆದರು, ಅದನ್ನೂ ತಂದ. ನಿನ್ನೆ ಯಾರೋ ಎಸೆದಿದ್ದ ಹರಕು ಚಪ್ಪಲಿಯೂ ತೇಲುತ್ತಿತ್ತು. ಗೆಸ್ಟ್ ಕೈಯದೇ ಇರಬೇಕು ಅಂತ ಅದನ್ನೂ ತಂದು ಅವರ ತೊಡೆಯ ಮೇಲಿಟ್ಟ. ಬೋಟಿನವರೆಲ್ಲ ಬಿದ್ದು ಬಿದ್ದು ನಕ್ಕರು. ಗೆಸ್ಟ್ ಕೆಂಪಾಗಿ, "ಇವನಿಗೆ ಯಾರ್ರೀ ಕೆಲಸ ಕೊಟ್ಟದ್ದು?" ಅಂದರು.

"ನಿಮ್ಮ ಕೈಯಿಂದಲೇ ಬಿದ್ದದ್ದು ಸಾರ್, ನಾನೇ ಕಂಡೆ," ಅಂದ ಜಟ್ಟ.

ಕಡಲನ್ನು ಕಸದಬುಟ್ಟಿ ಮಾಡಿದವರಿಗೆ ಯಾರೂ ಏನೂ ಅನ್ನಲಿಲ್ಲ. ಬೈಗುಳ ಬಿದ್ದದ್ದು ಜಟ್ಟನಿಗೆ. ಮನೆಯಲ್ಲಿ ದುರ್ಗಮ್ಮ ಅವನ ಗಲ್ಲ ಹಿಡಿದು ಹೇಳಿದಳು, "ಮಗಾ, ಗೆಸ್ಟ್ ಎದುರಿಗೆ ಬಾಯಿ ಬಿಡಬೇಡ. ಎಂತ ಕಂಡ್ರೂ ಬಾಯಿ ಮುಚ್ಚಿಕೊಂಡಿರು. ದೊಡ್ಡವರ ಮುಂದೆ ಅದೇ ಬುದ್ಧಿ."

ಈಗ ಸ್ವಲ್ಪ ಗಮನ ಕೊಟ್ಟು ಕೇಳಿ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸಲು ಗಡಿಯಾರದ ಹಾಗೆ ಒಂದು ಮುಳ್ಳು ಇರುತ್ತದೆ. ಒಂದು ಸಿಲಿಂಡರಿನ ಮುಳ್ಳು ಕೆಟ್ಟಿತ್ತು. ಗಾಳಿ ತೀರಿದರೂ ಅದು ಪೂರ್ತಿ ಅಂತಲೇ ತೋರಿಸುತ್ತಿತ್ತು. ಜಟ್ಟ ಆ ವಿಷಯವನ್ನು ರೋಹಿದಾಸರಿಗೆ ಮೊದಲೇ ಹೇಳಿದ್ದ, ಅಮ್ಮನಿಗೂ ಬಂದು ಹೇಳಿದ್ದ. "ಸೀಸನ್ ಮುಗೀಲಿ, ಹೊಸದು ತರಿಸುವ," ಅಂದಿದ್ದರು ರೋಹಿದಾಸರು.

ಶನಿವಾರ ಬೋಟು ತುಂಬ ಜನ. ಅದೇ ಸಿಲಿಂಡರನ್ನು ದಾವಣಗೆರೆಯ ಹೊಸ ಮದುಮಗನ ಬೆನ್ನಿಗೆ ಕಟ್ಟಿದರು. ಜಟ್ಟ ಮುಳ್ಳು ನೋಡಿದ. ಬಾಯಿ ತೆರೆಯಲು ಹೋದ. ಎದುರಿಗೇ ಗೆಸ್ಟ್. ತಟ್ಟನೆ ಎರಡು ಬೆರಳಲ್ಲಿ ತುಟಿ ಹಿಡಿದುಕೊಂಡ.

"ಎಂತ, ಹಲ್ಲುನೋವಾ?" ಅಂದರು ರೋಹಿದಾಸರು. ಜಟ್ಟ ಇಲ್ಲ ಅಂತ ತಲೆಯಾಡಿಸಿದ. ಕಣ್ಣಲ್ಲೇ ಮುಳ್ಳಿನ ಕಡೆ ತೋರಿಸಿದ. ರೋಹಿದಾಸರು ಆಗಲೇ ಮುಂದಿನವರ ಬೆಲ್ಟ್ ಬಿಗಿಯುತ್ತಿದ್ದರು.

ನೀರಿನ ಆಳದಲ್ಲಿ ಮದುಮಗನ ಗಾಳಿ ತೀರಿತು. ಅವನು ಕೈಕಾಲು ಬಡಿಯುವುದು ಮೊದಲು ಕಂಡದ್ದು ಜಟ್ಟನಿಗೇ. ತನ್ನ ಬಾಯಿಯ ಕೊಳವೆ ಕಿತ್ತು ಅವನ ಬಾಯಿಗೆ ಇಟ್ಟು, ಅವನನ್ನು ತಬ್ಬಿಕೊಂಡು ಮೇಲೆ ತಂದ. ಜೀವ ಉಳಿಯಿತು. ಆದರೆ ಹೊಟ್ಟೆ, ಶ್ವಾಸಕೋಶ ಎಲ್ಲ ಉಪ್ಪುನೀರು ತುಂಬಿ, ಅವನನ್ನು ಮಂಗಳೂರಿನ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮರುದಿನದ ಪೇಪರಿನಲ್ಲಿ ಸುದ್ದಿ ಬಂತು: ಸಹಾಯಕನ ಅಜಾಗರೂಕತೆ, ಪ್ರವಾಸಿ ಅಸ್ವಸ್ಥ. ಮೇಲೆ ತಂದದ್ದು ಯಾರು ಅಂತ ಎಲ್ಲೂ ಇರಲಿಲ್ಲ.

ಅದೇ ಸಂಜೆ ರೋಹಿದಾಸರು ಮೊದಲ ಸಲ ದುರ್ಗಮ್ಮನ ಮನೆಗೆ ಬಂದರು. ಕೊಟ್ಟ ಚಾ ಕುಡಿದರು. "ನೋಡಮ್ಮ, ನಾಳೆ ಸ್ಟೇಷನ್ನಿನಲ್ಲಿ ಕೇಳ್ತಾರೆ. ತಪ್ಪು ನಂದೇ ಅಂತ ಜಟ್ಟ ಹೇಳಲಿ. ಇಂಥ ಹುಡುಗನಿಗೆ ಪೊಲೀಸರು ಏನೂ ಮಾಡುವುದಿಲ್ಲ, ಬೈದು ಬಿಡ್ತಾರೆ. ನನ್ನ ಮೇಲೆ ಬಂದರೆ ಕ್ಯಾಂಪ್ ಮುಚ್ತದೆ. ಆಮೇಲೆ ಇವನಿಗೆ ಯಾರು ಕೆಲಸ ಕೊಡ್ತಾರೆ, ನೀವೇ ಹೇಳಿ."

ದುರ್ಗಮ್ಮ ಗೂಟಕ್ಕೆ ತೂಗುಹಾಕಿದ ನೀಲಿ ಅಂಗಿ ನೋಡಿದಳು. ಮಗನನ್ನು ಕರೆದು ಹೇಳಿದಳು, "ಯಾರು ಎಂತ ಕೇಳಿದ್ರೂ ತಪ್ಪು ನಂದೇ ಅನ್ನು. ಬೇರೆ ಒಂದು ಮಾತೂ ಬೇಡ. ಇದೊಂದಾದ್ರೂ ಸರಿ ಮಾಡು ಮಗಾ."

ಇದೊಂದನ್ನು ಅವನು ಸರಿಯಾಗಿಯೇ ಮಾಡಿದ.

"ಹೆಸರು?" ಅಂದರು ಮರುದಿನ ಸ್ಟೇಷನ್ನಿನಲ್ಲಿ ಪೊಲೀಸ್ ಸಾಹೇಬರು.

"ತಪ್ಪು ನಂದೇ."

"ಯಾವ ಊರು?"

"ತಪ್ಪು ನಂದೇ."

ಪೇದೆಗಳು ಕಿಸಕ್ಕನೆ ನಕ್ಕರು. ಸಾಹೇಬರೂ ಮೀಸೆಯಡಿ ನಕ್ಕರು. "ಅಪ್ಪ ಎಲ್ಲೋ?"

"ತಪ್ಪು ನಂದೇ."

ಬಾಗಿಲಲ್ಲಿ ನಿಂತ ದುರ್ಗಮ್ಮ ಮಾತ್ರ ನಗಲಿಲ್ಲ. ನೀ ಹುಟ್ಟಿದ ಮಳೆಗಾಲವೇ ನಿನ್ನಪ್ಪನ್ನ ನುಂಗಿತು ಅಂತ ಸಿಟ್ಟು ಬಂದಾಗಲೆಲ್ಲ ಬೈದವಳು ಅವಳೇ.

ಸಾಹೇಬರು ಎಲ್ಲ ಬರೆಸಿ ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಬೈದು ಬಿಡಲಿಲ್ಲ. ಕೇಸು ಹಾಕಿದರು, ಒಳಗೆ ಕೂರಿಸಿ ಅಂದರು. ಕುರ್ಚಿಯಲ್ಲಿ ಕೂತಿದ್ದ ರೋಹಿದಾಸರು ಎದ್ದು, "ಅಂಗಿ ಬಿಚ್ಚಿ ಕೊಡು ಜಟ್ಟ, ಅದು ಕ್ಯಾಂಪಿಂದು," ಅಂದರು. ಜಟ್ಟ ಅಂಗಿ ಬಿಚ್ಚಿ, ಮಡಚಿ ಅವರ ಕೈಗೇ ಕೊಟ್ಟ.

ಆಗ ದುರ್ಗಮ್ಮ ಒಳಗೆ ನುಗ್ಗಿದಳು. "ಸಾಹೇಬ್ರೆ, ಮುಳ್ಳು ಕೆಟ್ಟದ್ದು ಇವ ಮೊದಲೇ ಹೇಳಿದ್ದ. ಇವರಿಗೇ ಹೇಳಿದ್ದ. ಇವನನ್ನೇ ಕೇಳಿ."

ಸಾಹೇಬರು ಜಟ್ಟನ ಕಡೆ ತಿರುಗಿದರು. "ಹೌದೇನೋ? ಮುಳ್ಳು ಕೆಟ್ಟದ್ದು ಇವರಿಗೆ ಹೇಳಿದ್ಯಾ?"

"ತಪ್ಪು ನಂದೇ."

"ಅದಲ್ಲ ಮಗಾ, ಮುಳ್ಳಿನ ಮಾತು ಹೇಳು," ಅಂತ ದುರ್ಗಮ್ಮ ಅವನ ತೋಳು ಅಲುಗಿಸಿದಳು. "ನಿಜ ಹೇಳು."

"ತಪ್ಪು ನಂದೇ."

ಅವನ ಮುಖದಲ್ಲಿ ನಗುವಿತ್ತು. ಈ ಸಲವಾದರೂ ಅಮ್ಮ ಬೆನ್ನು ತಟ್ಟುತ್ತಾಳೆ ಅಂತ ಕಾಯುತ್ತಿದ್ದ. ದುರ್ಗಮ್ಮ ಅಲ್ಲೇ ನೆಲಕ್ಕೆ ಕುಸಿದು, ಅಷ್ಟು ವರ್ಷ ಕೇಳಿದ ಮಾತನ್ನೇ ಮತ್ತೆ ಕೇಳಿದಳು. ನೀನೇ ಅಲ್ದಾ ಅಮಾ ಅಂತ ಒಂದೇ ಒಂದು ಸಲ ಅವನು ಹಳೆಯ ಉತ್ತರ ಕೊಟ್ಟರೆ ಸಾಕಿತ್ತು.

"ಯಾರೋ ನಿಂಗೆ ಈ ಬುದ್ಧಿ ಹೇಳಿದ್ದು? ಇವರೆಲ್ಲರ ಎದುರಿಗೆ ಹೇಳೋ. ಯಾರು ಹೇಳಿದ್ದು?"

ಜಟ್ಟ ಅಮ್ಮನ ಕಡೆ ನೋಡಿದ.

"ತಪ್ಪು ನಂದೇ," ಅಂದ.