ಬಾಲದ ತುದಿಯ ಕಪ್ಪು

ಹಿಮಾಲಯದ ಎತ್ತರದ ಕಣಿವೆಯೊಂದರ ಆಶ್ರಮದಲ್ಲಿ ತಾರಕಾನಂದರೆಂಬ ಗುರುಗಳಿದ್ದರು. ಅವರ ಶಿಷ್ಯ ಶಂಭುಲಿಂಗ ಪಾಠದಲ್ಲಿ ಚುರುಕು. ಸಿಟ್ಟಿನಲ್ಲಿ ಇನ್ನೂ ಚುರುಕು.

ಆಶ್ರಮದ ಸೌದೆ ರಾಶಿಯಲ್ಲಿ ಎರ್ಮಿನ್ ಎಂಬ ಪುಟ್ಟ ಪ್ರಾಣಿಯೊಂದು ಸೇರಿಕೊಂಡಿತ್ತು. ಮುಂಗುಸಿಗಿಂತ ಚಿಕ್ಕದು, ಕಂದು ಬೆನ್ನು, ಬಿಳಿ ಹೊಟ್ಟೆ. ಉಗ್ರಾಣದ ಇಲಿಗಳನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ಅದು ಪೂಜೆಯ ಹಾಲು ಉರುಳಿಸಿತು. ಶಂಭುಲಿಂಗ ಕಲ್ಲು ಬೀಸಿದ. ಎಡಗಿವಿಯಿಂದ ರಕ್ತ ಸುರಿಸುತ್ತಾ ಓಡಿದ ಪ್ರಾಣಿ ಮತ್ತೆ ಕಾಣಲಿಲ್ಲ.

ಹಿಮ ಬಿತ್ತು. ಶಂಭುಲಿಂಗನ ದೀಕ್ಷೆಯ ದಿನವೂ ಬಂತು. ಅವನು ಉಡಬೇಕಾದ ಬಿಳಿ ಬಟ್ಟೆ ಒಲೆಯ ಪಕ್ಕ ಒಣಗುತ್ತಿತ್ತು.

"ಗುರುಗಳೇ, ನನಗೆ ಆ ಬಟ್ಟೆ ಬೇಡ. ನಾನು ಒಂದು ಜೀವ ತೆಗೆದವನು."

"ಸತ್ತಿದ್ದನ್ನು ಕಣ್ಣಾರೆ ನೋಡಿದೆಯಾ?"

"ಇಲ್ಲ."

"ಹಾಗಾದರೆ ಹೋಗಿ ಸೌದೆ ತಗೊಂಡು ಬಾ."

ಹೋದವನು ಬರಿಗೈಲಿ ಓಡಿ ಬಂದ.

"ಅಲ್ಲಿ ಬೇರೆ ಯಾವುದೋ ಪ್ರಾಣಿ ಕೂತಿದೆ! ಪೂರ್ತಿ ಬಿಳಿ. ನಮ್ಮದು ಸತ್ತಿದ್ದಕ್ಕೇ ಅದರ ಜಾಗಕ್ಕೆ ಬಂದಿದೆ."

"ಮೈ ನೋಡಿ ಓಡಿ ಬಂದೆ. ಬಾಲ ನೋಡಿದೆಯಾ?"

"ಅದರಲ್ಲೇನಿದೆ?"

"ಈ ಕಣಿವೆಯಲ್ಲಿ ಎರ್ಮಿನ್‌ನಂಥ ಬೇರೆ ಪ್ರಾಣಿಗಳೂ ಇವೆ. ಅವುಗಳ ಬಾಲದ ತುದಿ ಕಪ್ಪಲ್ಲ. ಎರ್ಮಿನ್ ಚಳಿಗಾಲಕ್ಕೆ ಮೈಯೆಲ್ಲ ಬೆಳ್ಳಗಾಗುತ್ತೆ, ಬಾಲದ ತುದಿ ಮಾತ್ರ ಕಪ್ಪಾಗೇ ಉಳಿಯುತ್ತೆ. ಹೋಗು, ಸರಿಯಾಗಿ ನೋಡು."

ಶಂಭುಲಿಂಗ ಈ ಸಲ ಮೆಲ್ಲಗೆ ಹೋದ. ಬಾಲದ ತುದಿ ಕಪ್ಪಗಿತ್ತು. ಪ್ರಾಣಿ ತಲೆ ತಿರುಗಿಸಿತು. ಎಡಗಿವಿ ಹರಿದು, ಗಾಯ ಮಾಯ್ದಿತ್ತು.

ಅವನು ಹಿಮದ ಮೇಲೇ ಕುಸಿದು ಕೂತ. ಎಷ್ಟೋ ದಿನಗಳಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು. ಅಳುತ್ತಾ ನಕ್ಕುಬಿಟ್ಟ.

"ಬದುಕಿದೆ, ಗುರುಗಳೇ! ನಮ್ಮದೇ ಇದು!"

ಗುರುಗಳು ಬಿಳಿ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ಹಿಂದೆಯೇ ಬಂದಿದ್ದರು. ಅದನ್ನು ಕಂಡು ಶಂಭುಲಿಂಗನ ನಗು ನಿಂತಿತು.

"ಇದು ಬದುಕಿದ್ದು ನನ್ನ ಪುಣ್ಯ. ಆದರೆ ಕಲ್ಲು ಎತ್ತಿದ ಸಿಟ್ಟು ಇನ್ನೂ ನನ್ನೊಳಗೇ ಇದೆ. ಬಿಳಿ ಉಟ್ಟರೆ ಅದು ಹೋಗುತ್ತಾ?"

ಗುರುಗಳು ಎರ್ಮಿನ್‌ನ ಬಾಲವನ್ನೊಮ್ಮೆ, ಶಿಷ್ಯನ ಮುಖವನ್ನೊಮ್ಮೆ ನೋಡಿದರು. ಬಟ್ಟೆಯನ್ನು ಅವನ ಹೆಗಲಿಗೆ ಹೊದಿಸಿದರು.

"ಉಟ್ಟುಕೋ, ಚಳಿ ಇದೆ. ಇವತ್ತಿನಿಂದ ಪೂಜೆಯ ಹಾಲನ್ನು ಅದು ಓಡಾಡೋ ದಾರಿಯಲ್ಲೇ ಇಡು. ಅದು ಉರುಳಿಸಿದಾಗಲೆಲ್ಲ ನಿನ್ನ ಕೈ ಕಲ್ಲಿನ ಕಡೆ ಹೋಗುತ್ತಾ ನೋಡಿಕೋ."