ರೊಟ್ಟಿ ರೊಟ್ಟಿಗೂ ಒಲೆ ಆರಿಸಿದವಳು

ಒಂದೂರಿನ ಆಸ್ಪತ್ರೆಯಲ್ಲಿ ವನಮಾಲಾ ಅಂತ ಒಬ್ಬಳಿದ್ದಳು. ಅಲ್ಲಿನ ಕಂಪ್ಯೂಟರುಗಳ ಉಸ್ತುವಾರಿ ಅವಳದು. ರೋಗಿಗಳ ತಲೆ, ಎದೆ, ಹೊಟ್ಟೆ ಸ್ಕ್ಯಾನ್ ಮಾಡಿದ ಚಿತ್ರಗಳೆಲ್ಲ ಮೊದಲು ಒಂದು ದೊಡ್ಡ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ವೈರಿನೊಳಗೆ ಹಾದು ಡಾಕ್ಟರ ಮೇಜಿಗೆ ಬರಬೇಕು. ಆ ವೈರು ಎಳೆದವನು ಚೆಲುವಯ್ಯ. ಹದಿನಾರು ವರ್ಷ ಅಲ್ಲೇ ದುಡಿದ ಜೀವ. ಓದು ಅಷ್ಟಕ್ಕಷ್ಟೇ. ಆದರೆ ಕಣ್ಣು ಮುಚ್ಚಿ ಮುಟ್ಟಿದರೂ ಯಾವ ವೈರು ಯಾವ ಕೋಣೆಯದು ಅಂತ ಹೇಳುತ್ತಿದ್ದ.

ಒಂದು ಸಲ ಮೇಲಿನವರಿಂದ ಕಾಗದ ಬಂತು, ಕರೆಂಟು ಉಳಿಸಿ ಅಂತ. ಹೆಚ್ಚು ಉಳಿಸಿದವರಿಗೆ ಶಾಲು, ಹಾರ. ವನಮಾಲಾ ಹುರುಪಿನ ಹೆಂಗಸು. ಕಂಪ್ಯೂಟರಿನೊಳಗೆ ಪ್ರೊಸೆಸರ್ ಅಂತ ಇರುತ್ತದಲ್ಲ ಮಕ್ಕಳೇ, ಅದರ ಮಿದುಳು, ಅದಕ್ಕೊಂದು ಕಟ್ಟಳೆ ಹಾಕಿದಳು. ಕೈಯಲ್ಲಿ ಕೆಲಸವಿಲ್ಲದ ಗಳಿಗೆಯೆಲ್ಲ ಗಾಢವಾಗಿ ನಿದ್ದೆ ಮಾಡು ಅಂತ. ಕರೆಂಟು ಉಳಿಯಿತು. ಶಾಲು ಹೊದೆಸಿದರು. ಚಪ್ಪಾಳೆಯ ಗದ್ದಲದಲ್ಲಿ ಕಟ್ಟಳೆ ಹಾಕಿದ್ದೇ ಅವಳಿಗೆ ಮರೆತುಹೋಯಿತು.

ಆಮೇಲೆ ಶುರುವಾಯಿತು ನೋಡಿ ಗೋಳು. ಚಿತ್ರಗಳು ತೆವಳತೊಡಗಿದವು. ದೊಡ್ಡ ಡಾಕ್ಟರು ರೇಗಿದರು:

"ಏನಮ್ಮಾ ವನಮಾಲಾ, ಈ ರೋಗಿ ಚಿತ್ರ ಬರೋಷ್ಟರಲ್ಲಿ ಇವನ ಮೊಮ್ಮಗನಿಗೇ ಸ್ಕ್ಯಾನ್ ಮಾಡಿಸಬೇಕಾಗ್ತದೆ!"

ಚಿತ್ರಗಳನ್ನು ತುಂಬಿಡುವ ಡಿಸ್ಕು ಬದಲಿಸಿದಳು. ಅದೇ ತೆವಳಾಟ. ವೈರುಗಳೆಲ್ಲ ಕೂಡುವ ಪೆಟ್ಟಿಗೆ ಬದಲಿಸಿದಳು. ಊಹೂಂ. ಇನ್ನು ಉಳಿದಿದ್ದು ವೈರು. ಅಂದರೆ ಚೆಲುವಯ್ಯ.

"ಚೆಲುವಯ್ಯನೋರೆ, ಎಲ್ಲೋ ವೈರು ಕೆಡಿಸಿಟ್ಟಿದ್ದೀರಿ."

"ಇಲ್ಲ ಮೇಡಂ. ನಿನ್ನೆ ಹತ್ತು ಜನಕ್ಕೆ ಒಟ್ಟಿಗೆ ಸ್ಕ್ಯಾನ್ ಆಯ್ತಲ್ಲ, ಆವಾಗ ಚಿತ್ರ ಓಡೋಡಿ ಬಂದ್ವು. ಇವತ್ತು ಒಬ್ಬನೇ ಇದ್ದಾನೆ, ತೆವಳ್ತಾ ಇದೆ. ವೈರು ಕೆಟ್ಟಿದ್ರೆ ಗಲಾಟೇಲಿ ಇನ್ನೂ ಕೆಡಬೇಕಿತ್ತಲ್ವಾ? ದಾರಿ ಚೆನ್ನಾಗೇ ಇದೆ, ನಡೆಯೋನೇ ಎಲ್ಲೋ ತೂಕಡಿಸ್ತಾವ್ನೆ. ಮಷೀನೊಳಗೆ ಒಂದ್ಸಲ ನೋಡಿ, ಕೈಮುಗೀತೀನಿ."

ವನಮಾಲಾ ನಕ್ಕಳು. "ಕೆಲಸ ಜಾಸ್ತಿ ಆದ್ರೆ ಮಷೀನು ಚುರುಕಾಗ್ತದಾ? ಯಾವ ಕಾಲೇಜಲ್ಲಿ ಹೇಳ್ಕೊಟ್ರು ಇದನ್ನ?"

ಅಲ್ಲಿದ್ದವರೆಲ್ಲ ನಕ್ಕರು. ಚೆಲುವಯ್ಯ ತಲೆ ತಗ್ಗಿಸಿದ.

ವೈರಿನ ಕೆಲಸ ಕಳಪೆ ಅಂತ ವನಮಾಲಾ ಬರೆದು ರುಜು ಹಾಕಿದಳು. ಆ ಒಂದು ರುಜುವಿಗೆ ಚೆಲುವಯ್ಯನ ಹದಿನಾರು ವರ್ಷದ ಕೆಲಸ ಹೋಯಿತು. ಹೋಗುವ ದಿನ ಚೆಲುವಯ್ಯ ತನ್ನ ಇಕ್ಕಳ ಅವಳ ಮೇಜಿನ ಮೇಲಿಟ್ಟು ಹೊರಟುಹೋದ. ಅವನೆಳೆದ ವೈರನ್ನೆಲ್ಲ ಕಿತ್ತು ಗುಜರಿಗೆ ಹಾಕಿದರು. ಹೊಸದು ಎಳೆಸಿದರು.

ಚಿತ್ರ ಮಾತ್ರ ತೆವಳುತ್ತಲೇ ಇತ್ತು.

ವನಮಾಲಾಳಿಗೆ ಅನ್ನ ಸೇರದಾಯಿತು. ಡಾಕ್ಟರ ಕೋಣೆಯ ಮುಂದೆ ಹಾಯುವುದಕ್ಕೂ ಹೆದರಿ ಹಿತ್ತಿಲ ಬಾಗಿಲಿಂದ ಓಡಾಡಿದಳು. ಹೀಗಿರುವಾಗ ಒಂದು ಮಧ್ಯಾಹ್ನ, ಹಳೇ ಕಡತಗಳನ್ನೆಲ್ಲ ತಪಾಸಣೆ ಮಾಡು ಅಂತ ಆ ಕಂಪ್ಯೂಟರಿಗೆ ಬೆನ್ನು ಮುರಿಯುವಂಥ ಕೆಲಸ ಹಚ್ಚಿದಳು. ಏನಾಶ್ಚರ್ಯ! ಚಿತ್ರಗಳು ಬಾಣ ಬಿಟ್ಟಂತೆ ಬಂದವು. ತಪಾಸಣೆ ಮುಗಿಯಿತು, ಮತ್ತೆ ತೆವಳಿದವು.

ಇದನ್ನೇ ಅಲ್ಲವೇ ಚೆಲುವಯ್ಯ ಕೈಮುಗಿದು ಹೇಳಿದ್ದು?

ಪ್ರೊಸೆಸರಿನ ಕಟ್ಟಳೆಗಳನ್ನು ತೆಗೆದು ನೋಡಿದಳು. ತಾನೇ ಹಾಕಿದ್ದು ಅಲ್ಲಿತ್ತು. ಚಿತ್ರ ಅನ್ನುವುದು ಇಡಿಯಾಗಿ ಬರುವುದಿಲ್ಲ ಮಕ್ಕಳೇ, ಸಾವಿರ ಚೂರಾಗಿ ಬರುತ್ತದೆ. ಚೂರಿಗೂ ಚೂರಿಗೂ ನಡುವೆ ಕಣ್ಣು ಮಿಟುಕಿಸುವಷ್ಟೂ ಬಿಡುವಿಲ್ಲ. ಅಷ್ಟರಲ್ಲೇ ಪ್ರೊಸೆಸರು ನಿದ್ದೆಗೆ ಜಾರುತ್ತಿತ್ತು. ಕೆಲಸಕ್ಕಿಂತ ಏಳುವುದಕ್ಕೇ ಹೆಚ್ಚು ಹೊತ್ತು. ಸೌದೆ ಉಳಿಯಲಿ ಅಂತ ಒಂದೊಂದು ರೊಟ್ಟಿ ಬೆಂದ ಕೂಡಲೇ ಒಲೆಗೆ ನೀರು ಹೊಯ್ದು, ಮುಂದಿನ ರೊಟ್ಟಿಗೆ ಮತ್ತೆ ಊದಿ ಊದಿ ಹೊತ್ತಿಸಿದರೆ ಉಣ್ಣುವವರ ಗತಿಯೇನು? ಹಾಗೆ. ಕೆಲಸ ಮುಗಿಬಿದ್ದ ದಿನ ಒಲೆ ಆರುವುದಕ್ಕೆ ಬಿಡುವಿಲ್ಲ, ಅದಕ್ಕೇ ಚುರುಕು.

ಕಟ್ಟಳೆ ತೆಗೆದುಹಾಕಿದಳು. ಒಂದು ಗುಂಡಿ ಒತ್ತಿದ್ದಷ್ಟೇ. ಎಲ್ಲ ಸರಿಹೋಯಿತು.

ಇಕ್ಕಳ ಎತ್ತಿಕೊಂಡು ಚೆಲುವಯ್ಯನ ಮನೆಗೆ ಓಡಿದಳು. ಆಸ್ಪತ್ರೆಯ ವೈರು ಕೆಡಿಸಿದವನು ಅಂತ ಹೆಸರು ಬಿದ್ದ ಮೇಲೆ ಊರಲ್ಲಿ ಯಾರೂ ಅವನಿಗೆ ವೈರಿನ ಕೆಲಸ ಕೊಟ್ಟಿರಲಿಲ್ಲ. ಬಾಗಿಲಲ್ಲಿ ಕೂತು ಹೋಟೆಲಿಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದ.

"ತಪ್ಪು ನನ್ನದು ಚೆಲುವಯ್ಯನೋರೆ. ದೊಡ್ಡ ಡಾಕ್ಟರ ಮುಂದೆ ನಾನೇ ಹೇಳ್ತೀನಿ. ವಾಪಸ್ ಬನ್ನಿ."

ಆತ ಇಕ್ಕಳವನ್ನು ನೋಡಿದ. ಮುಟ್ಟಲಿಲ್ಲ.

"ಚಿತ್ರ ಈಗ ಬೇಗ ಬರ್ತಾವಾ ಮೇಡಂ?"

"ಬರ್ತಾವೆ."

"ಒಳ್ಳೇದಾಯ್ತು." ಇನ್ನೊಂದು ಗೆಡ್ಡೆ ಕೈಗೆತ್ತಿಕೊಂಡ. "ನಾನು ಬರಲ್ಲ ತಾಯಿ. ವೈರು ಕಂಡ್ರೆ ಕೈ ನಡುಗ್ತದೆ ಈಗ."

ಅವಳು ಬೀದಿಗಿಳಿದ ಮೇಲೆ ಹಿಂದಿನಿಂದ ಅವನ ದನಿ ಕೇಳಿತು. ಅವಳಿಗೆ ಹೇಳಿದ್ದೋ, ತನಗೇ ಹೇಳಿಕೊಂಡಿದ್ದೋ.

"ನೀವು ಕಿತ್ತು ಹಾಕಿಸಿದ ವೈರು... ಎಲ್ಲಾ ಚೆನ್ನಾಗಿದ್ವು."

ನೀತಿ: ಏನಾದರೂ ಕೆಟ್ಟಾಗ ಮೊದಲು ನೀನೇ ಕೈಯಿಟ್ಟ ಜಾಗವನ್ನು ನೋಡು, ಆಮೇಲೆ ಇನ್ನೊಬ್ಬರ ಕಡೆ ಬೆರಳು ತೋರಿಸು. ಯಂತ್ರದ ತಪ್ಪನ್ನು ಯಾವಾಗ ಬೇಕಾದರೂ ತಿದ್ದಬಹುದು. ಮುರಿದ ಮನಸ್ಸಿನ ಮುಂದೆ ತಡವಾಗಿ ಬಂದ ಸತ್ಯ ಕೈಕಟ್ಟಿ ನಿಲ್ಲಬೇಕಾಗುತ್ತದೆ.