ಏರಿಯ ಬುಡದ ಕೆಂಪು ನೀರು

ಮಕ್ಕಳೇ, ದಟ್ಟ ಕಾಡಿನ ನಡುವೆ ಒಂದು ದೊಡ್ಡ ಕೆರೆಯಿತ್ತು. ಅದರ ಯಜಮಾನ ಹೊಳೆಯಪ್ಪನೆಂಬ ನೀರುನಾಯಿ. ಕಾಡಿನಲ್ಲಿ ಯಾರಿಗೆ ಏನು ಕಷ್ಟ ಬಂದರೂ ಅವನೇ ಪರಿಹಾರ ಹೇಳಬೇಕು. ಮನಸ್ಸಿನಲ್ಲಿ ಕೆಟ್ಟವನಲ್ಲ, ಆದರೆ ಹೊಗಳಿಕೆಯೆಂದರೆ ಅವನಿಗೆ ಬಲು ಆಸೆ.

ಒಮ್ಮೆ ದಡದ ಬಸರಿಮರಕ್ಕೆ ಗೊರವಂಕ ಹಕ್ಕಿಗಳ ದೊಡ್ಡ ಹಿಂಡು ಬಂದಿತು. ಒಂದು ಹಕ್ಕಿ ಆಡಿದ್ದನ್ನು ಮಿಕ್ಕವೆಲ್ಲ ಕೂಗುತ್ತಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಡಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಹಿಂಡಿನ ಹಿರಿಯಳ ಹೆಸರು ಚಿತ್ತಾರಿ. ಜನರ ದೂರು ತರುವುದು, ಯಜಮಾನರ ಮಾತು ಮುಟ್ಟಿಸುವುದು ಎರಡೂ ಇನ್ನು ತಮ್ಮ ಕೆಲಸ, ಯಜಮಾನರು ಮರದಡಿ ಕೂತಿದ್ದರೆ ಸಾಕು ಎಂದಳು.

ಮೊದಮೊದಲು ಎಲ್ಲರಿಗೂ ಅನುಕೂಲವೇ ಆಯಿತು. ಜಿಂಕೆಗಳ ದಾರಿಗೆ ಮರ ಬಿದ್ದಿದೆಯೆಂದು ಕೂಗು ಬಂದ ಅರ್ಧ ದಿನದಲ್ಲೇ ಆನೆ ಹೋಗಿ ಅದನ್ನು ಎಳೆದು ಹಾಕಿತು. ಮುಂಚೆಯಾದರೆ ಅದಕ್ಕೆ ವಾರ ಹಿಡಿಯುತ್ತಿತ್ತು. ಕಾಡೆಲ್ಲ ಹೊಳೆಯಪ್ಪನನ್ನು ಕೊಂಡಾಡಿತು. ಆ ಹೊಗಳಿಕೆಯೂ ಗೊರವಂಕಗಳ ಬಾಯಿಂದ ಬಂದು ಅವನ ಕಿವಿ ತುಂಬಿತು.

ಅಲ್ಲಿಂದಾಚೆ ಅವನು ಮರದಡಿ ಬಿಟ್ಟು ಕದಲಲಿಲ್ಲ. ಬೆಳಗ್ಗೆ ಒಂದು ಮಾತು ಹೇಳಿ ಕೂಗಿಸುವುದು, ಎಷ್ಟು ಜನ ಮೆಚ್ಚಿದರೆಂದು ಚಿತ್ತಾರಿಯನ್ನು ಕೇಳುವುದು, ಇಷ್ಟೇ ಆಯಿತು. ನೂರು ಬಾಯಿ ಕೂಗಿದ ದೂರಿಗೆ ಮಾತ್ರ ಉತ್ತರ. ನವಿಲಿಗೂ ಕೋತಿಗಳಿಗೂ ನಡೆದ ಜಗಳ ಕೇಳುವುದರಲ್ಲೇ ಒಂದು ವಾರ ಕಳೆಯಿತು.

ಆ ವಾರವೇ ನಂಜವ್ವನೆಂಬ ಮುದಿ ಬಸವನಹುಳು ಬಂದಳು. ಕೆರೆಯ ಏರಿಯ ಬುಡದಲ್ಲಿ ಅವಳ ಮನೆ. ಮಕ್ಕಳು ಮೊಮ್ಮಕ್ಕಳೆಲ್ಲ ಅಲ್ಲೇ. ಎರಡು ದಿನ ತೆವಳಿ ಮರದಡಿ ಸೇರಿದ್ದಳು.

“ಯಜಮಾನರೇ, ಏರಿಯ ಬುಡದಲ್ಲಿ ಇಷ್ಟು ದಿನ ತಿಳಿನೀರು ಜಿನುಗುತ್ತಿತ್ತು. ಈಗ ಕೆಂಪು ನೀರು ಬರುತ್ತಿದೆ. ಒಳಗಿನ ಮಣ್ಣು ಕರಗುತ್ತಿದೆಯೇನೋ ಅಂತ ಭಯ,” ಎಂದಳು.

ಹೊಳೆಯಪ್ಪ ಚಿತ್ತಾರಿಯ ಮುಖ ನೋಡಿದ. ಹಿಂಡು ಅದನ್ನು ಒಮ್ಮೆ ಕೂಗಿತು. ಯಾರೂ ದನಿಗೂಡಿಸಲಿಲ್ಲ. ಬಸವನಹುಳುವಿಗೆ ಬಣ್ಣ ಬೇರೆ ಗೊತ್ತಾಗುತ್ತದೆಯೇ ಎಂದು ಒಂದು ಕೋತಿ ಅಣಕಿಸಿತು. ಆ ಅಣಕವನ್ನೇ ಕಾಡೆಲ್ಲ ಹೇಳಿಕೊಂಡು ಸಂಜೆಯವರೆಗೆ ನಕ್ಕಿತು.

“ಒಬ್ಬರದೇ ದೂರು, ನಂಜವ್ವ. ಇನ್ನೂ ನಾಲ್ಕು ಜನ ಹೇಳಲಿ, ನೋಡೋಣ,” ಎಂದ ಹೊಳೆಯಪ್ಪ.

ನಂಜವ್ವ ಮತ್ತೆ ತೆವಳುತ್ತ ಮನೆಯ ಕಡೆ ತಿರುಗಿದಳು.

ಮರುದಿನ ಮಧ್ಯಾಹ್ನ, ಯಾರೂ ಹೆದರಬೇಡಿ, ಕೆರೆ ಭದ್ರವಾಗಿದೆ ಎಂದು ಸಾರಲು ಅವನು ಹೇಳಿದ. ಹಿಂಡು ಕೂಗತೊಡಗಿದ್ದೇ ತಡ, ನೆಲ ಅದುರಿತು. ಹೊಳೆಯಪ್ಪ ತಿರುಗಿ ನೋಡಿದರೆ ಏರಿಯ ನಡುಭಾಗವೇ ಇರಲಿಲ್ಲ. ಅವನ ಕಾಲ ಬಳಿಯ ನೀರು ಸರಸರನೆ ಹಿಂದಕ್ಕೆ ಸರಿಯಿತು. ನೋಡನೋಡುತ್ತ ಕೆರೆ ಬರಿದಾಗಿ ಕೆಸರಿನಲ್ಲಿ ಸಾವಿರಾರು ಮೀನು ಒದ್ದಾಡಿದವು. ಮೇಲೆ ಗೊರವಂಕಗಳು ಇನ್ನೂ, “ಕೆರೆ ಭದ್ರ, ಕೆರೆ ಭದ್ರ,” ಎನ್ನುತ್ತಲೇ ಇದ್ದವು. ದೂರದ ಗುಡ್ಡದಿಂದ ಭೇಷ್ ಎಂಬ ಮೆಚ್ಚುಗೆಯೂ ಬರುತ್ತಲೇ ಇತ್ತು.

“ನಿಲ್ಲಿಸಿ,” ಎಂದ ಹೊಳೆಯಪ್ಪ. “ಏರಿ ಒಡೆದಿದೆ, ಎಲ್ಲರೂ ಬನ್ನಿ ಅಂತ ಕೂಗಿ.”

ಆ ಕೂಗಿಗೆ ಕಾಡೇ ಓಡಿ ಬಂದಿತು. ಕೈಗೆ ಸಿಕ್ಕ ಮೀನುಗಳನ್ನು ಪಕ್ಕದ ಮಡುವಿಗೆ ಸಾಗಿಸಿದರು. ಅರ್ಧದಷ್ಟು ಉಳಿದವು.

ಹೊಳೆಯಪ್ಪ ಏರಿಯ ಬುಡಕ್ಕೆ ಓಡಿದ. ಬಸವನಹುಳುಗಳ ಮನೆಯಿದ್ದ ಜಾಗದಲ್ಲಿ ಆಳವಾದ ಕೊರಕಲು. ಅಲ್ಲಿ ಒಬ್ಬರೂ ಇರಲಿಲ್ಲ. ಹಿಂದಿರುಗುವಾಗ ದಿಬ್ಬದ ದಾರಿಯಲ್ಲಿ ನಂಜವ್ವ ಎದುರಾದಳು. ಅವಳು ಇನ್ನೂ ಅರ್ಧ ದಾರಿಯಲ್ಲಿದ್ದಳು.

“ಏನೋ ದೊಡ್ಡ ಸದ್ದಾಯಿತಲ್ಲ, ಯಜಮಾನರೇ? ಮನೆಯಲ್ಲಿ ಮಕ್ಕಳು ಹೆದರಿರುತ್ತಾರೆ,” ಎಂದಳು.

ಹೊಳೆಯಪ್ಪ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತು, ಆದದ್ದನ್ನು ತನ್ನ ಬಾಯಿಂದಲೇ ಮೆಲ್ಲಗೆ ಹೇಳಿದ.

ನೀತಿ: ಕೂಗುವ ಬಾಯಿಗಳನ್ನು ಎಣಿಸಿ ಕಷ್ಟವನ್ನು ಅಳೆಯಬಾರದು, ಹೇಳಿದವರು ಒಬ್ಬರೇ ಆದರೂ ಆಳುವವನು ಎದ್ದು ಹೋಗಿ ಕಣ್ಣಾರೆ ನೋಡಬೇಕು.